ಎರಿಭೂತದ ಫೋಟೋ

ನನಗೊಂದು ಚಾಳಿಯಿದೆ. ಯಾರಾದರೂ ಎದುರಿಗೆ ಕ್ಯಾಮೆರಾ ಹಿಡಿದರೆ ಸಾಕು, ಉಸಿರು ಬಿಗಿಹಿಡಿದು, ಕಣ್ಣು ಪಿಳುಕಿಸದೆ ಗುಡಿಯ ದ್ವಾರಪಾಲಕರ ಹಾಗೆ ನಿಂತುಬಿಡುತ್ತೇನೆ. ನಮ್ಮ ಬಳಗದ ಯಾವ ಮದುವೆಯ ಫೋಟೋ ನೋಡಿರಿ, ನಡುವೆ ಒಬ್ಬ ಮುದುಕಿ ಗಲ್ಲ ಉಬ್ಬಿಸಿಕೊಂಡು, ಕಣ್ಣು ಕೆಕ್ಕರಿಸಿಕೊಂಡು, ಯಾರ ಮೇಲೋ ಜಗಳಕ್ಕೆ ಹೊರಟಂತೆ ಕಾಣುತ್ತಾಳೆ. ಅವಳೇ ನಾನು. "ಆಯೀ, ಉಸುರ ಬಿಡ, ನಿನ್ನ ಯಾರೂ ನೀರಾಗ ಮುಳುಗಸಾಕತ್ತಿಲ್ಲ" ಎಂದು ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ನಗಲಿ, ಅವಕ್ಕೇನು ಗೊತ್ತು. ನಾನು ಕ್ಯಾಮೆರಾ ಎಂಬುದನ್ನು ಕಂಡದ್ದೇ ನನ್ನ ತಮ್ಮ ಮಾಂತೇಶನ ಕೈಯಲ್ಲಿ. ಅವನ ಪೆಟ್ಟಿಗೆಯ ಮುಂದೆ ಉಸಿರಾಡುವುದೆಂದರೆ ಮಹಾಪಾತಕ. "ಅಕ್ಕಾ, ನೀ ಅಲಗಾಡಿದ್ಯೋ, ಫೋಟೋದಾಗ ನಿನ್ನ ಬದ್ಲಿ ಹೊಗಿ ಬರತೈತಿ ನೋಡು" ಎಂದು ಹೆದರಿಸುತ್ತಿದ್ದ. ಹೊಗೆಯಾಗಿ ಬರಲು ಯಾವ ಹೆಂಗಸಿಗೆ ಮನಸ್ಸಾದೀತು, ಹೇಳಿರಿ.

ಆ ಕಾಲಕ್ಕೆ ನಮ್ಮ ಕಡೆ ಬದುಕಿದ್ದವರ ಫೋಟೋ ಯಾರು ತೆಗೆಸುತ್ತಿದ್ದರು? ಸಿರಿವಂತರ ಮನೆಯ ಗೋಡೆಗೆ ಒಂದೋ ಎರಡೋ ಇರುತ್ತಿದ್ದವು. ಅವೂ ತೀರಿಹೋದ ಹಿರಿಯರವು, ಮೇಲೊಂದು ಒಣಗಿದ ಹಾರ. ಹೀಗಾಗಿ ಫೋಟೋ ಎಂದ ಕೂಡಲೆ ನಮ್ಮ ಹೆಂಗಸರ ಕಣ್ಣ ಮುಂದೆ ಬರುತ್ತಿದ್ದದ್ದು ಸತ್ತವರೇ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಿರಿ. ಇಲ್ಲದಿದ್ದರೆ ಮುಂದೆ ನಮ್ಮ ಅತ್ತಿಯನ್ನು ಹುಚ್ಚಿ ಎಂದುಬಿಡುತ್ತೀರಿ. ಅವರು ಹುಚ್ಚಿಯಾಗಿರಲಿಲ್ಲ.

ನನ್ನ ತವರು ಹಾನಗಲ್ಲು. ಮಾಂತೇಶನಿಗೆ ಹಕ್ಕಿಯ ಹುಚ್ಚು ಹಿಡಿಸಿದವರು ನಮ್ಮ ಆಯಿ, ಅಂದರೆ ನಮ್ಮಜ್ಜಿ. ಸಾಲಿಯಲ್ಲಿ ನಾನು ಕಲಿತದ್ದು ಅಷ್ಟಕ್ಕಷ್ಟೇ. ನನ್ನ ಮಾತೆಲ್ಲ ಆಯಿಯ ಸೆರಗು ಹಿಡಿದುಕೊಂಡು ಕಲಿತ ಮಾತು. ಕೆರೆಯ ಏರಿಯ ಮೇಲೆ ಅರಿವೆ ಒಣಹಾಕುತ್ತ ಆಯಿ ಯಾವ ಹಕ್ಕಿ ಏನು ಅನ್ನುತ್ತದೆ ಎಂದು ಹೇಳುತ್ತಿದ್ದರು. ಬೆಳವನ ಹಕ್ಕಿ ಮಧ್ಯಾಹ್ನವೆಲ್ಲ "ಕೊಡ ತುಂಬು, ಕೊಡ ತುಂಬು" ಅನ್ನುತ್ತದೆಯಂತೆ. ಟಿಟವಿ ಹಕ್ಕಿ ಮುಗಿಲು ಬಿದ್ದೀತೆಂದು ಕಾಲು ಮೇಲೆ ಮಾಡಿ ಮಲಗುತ್ತದೆಯಂತೆ. ನಾನು ಹೌದೌದು ಎಂದು ನಂಬಿ ಸುಮ್ಮನಾದೆ. ಮಾಂತ್ಯಾ ಮಾತ್ರ ಖರೆಯೋ ಸುಳ್ಳೋ ನೋಡಿಯೇ ತೀರುವೆನೆಂದು ಕೆಸರಿನಲ್ಲಿ ಕೂತು, ಮೈತುಂಬ ಜಿಗಣೆ ಹತ್ತಿಸಿಕೊಂಡು ಬಂದ. "ಆಯೀ, ಅದು ಮಲಗಲಿಲ್ಲ!" ಎಂದು ಅತ್ತ. "ನೀ ಅಲ್ಲಿ ಕುಂತರ ಅದು ಹೆಂಗ ಮಲಗೀತೋ ಹುಚ್ಚಪ್ಪಾ" ಎಂದರು ಆಯಿ. ಅಂದಿನಿಂದ ಹಕ್ಕಿಗೆ ಕಾಣದಂತೆ ಕೂರುವುದು ಹೇಗೆ ಎಂಬುದೇ ಅವನ ಬಾಳಿನ ಚಿಂತೆಯಾಯಿತು.

ಮುಂದೆ ಅವನು ಧಾರವಾಡದಲ್ಲಿ ಚಿತ್ರ ಬರೆಯುವುದನ್ನು ಕಲಿಸುವ ಮಾಸ್ತರನಾದ. ಯಾರೋ ಮಾರಿದ ಹಳೆಯ ಕ್ಯಾಮೆರಾ ಕೊಂಡ. ಸೂಟಿ ಬಿದ್ದರೆ ಸಾಕು, ಹಿರೇಕೆರೂರು, ರಟ್ಟೀಹಳ್ಳಿ, ಅಲ್ಲಿಯ ಕೆರೆ, ಇಲ್ಲಿಯ ಮಡ್ಡಿ ಎಂದು ತಿರುಗಾಟ. ನಮ್ಮ ಅಪ್ಪ ಹಣೆ ಹಣೆ ಬಡಿದುಕೊಳ್ಳುತ್ತಿದ್ದರು: "ಮಂದಿ ಬಂದೂಕ ತಗೊಂಡು ಹೋದ್ರ ಒಂದು ಹಕ್ಕೀನರ ತರ್ತಾರ. ಇಂವಾ ಹಕ್ಕಿ ನೆಳ್ಳ ತರ್ತಾನ." ಆ ನೆರಳೂ ಸರಿಯಾಗಿ ಬರುತ್ತಿರಲಿಲ್ಲವೆನ್ನಿ. ಅವನು ತೋರಿಸಿದ ಫೋಟೋಗಳಲ್ಲೆಲ್ಲ ಹುಲ್ಲು ಇರುತ್ತಿತ್ತು, ನೀರು ಇರುತ್ತಿತ್ತು, ಹಕ್ಕಿ ಆಗ ತಾನೇ ಎದ್ದು ಹೋಗಿರುತ್ತಿತ್ತು.

ಇಂಥ ತಮ್ಮ ಒಂದು ದಿನ ಹೇಳದೆ ಕೇಳದೆ ಹತ್ತಿಮತ್ತೂರಿನ ನಮ್ಮ ಮನೆಗೆ ಬಂದಿಳಿದ. ಸುಗ್ಗಿ ಮುಗಿದು ಕರಿಮಣ್ಣಿನ ಎರಿ ಹೊಲಗಳೆಲ್ಲ ಬೋಳಾಗಿದ್ದ ದಿನಗಳು. ಶಿಗ್ಗಾವಿಯ ತನಕ ಮೋಟಾರು, ಅಲ್ಲಿಂದ ಸವಣೂರು ಹಾದು ಬಂಡಿ. ಬಂಡಿಯಿಂದ ಮೊದಲು ಮೂರು ಉದ್ದನೆಯ ಕಟ್ಟಿಗೆ ಕಾಲು ಇಳಿದವು, ಆಮೇಲೆ ಕರಿ ಅರಿವೆ ಸುತ್ತಿದ ಪೆಟ್ಟಿಗೆ, ಕಡೆಗೆ ಸವಣೂರ ಖಾರದ ಪೊಟ್ಟಣ ಹಿಡಿದುಕೊಂಡ ಇವನು. ಮೂರು ಕಾಲು ಕಂಡದ್ದೇ ತಡ, ಹೊಲ ಅಳೆಯುವ ಮೋಜಣಿಯವರು ಬಂದರೆಂದು ಓಣಿಯಲ್ಲಿ ಸುದ್ದಿಯಾಯಿತು. ಬದುವು ಒತ್ತಿದ್ದ ಇಬ್ಬರು ನೆರೆಯವರು ಆಗಿಂದಾಗ ಗುದ್ದಲಿ ಹೊತ್ತು ಹೊಲಕ್ಕೆ ಓಡಿದರಂತೆ. ನನಗೋ ನಾಚಿಕೆಯಿಂದ ಮುಖ ಎಲ್ಲಿಡಬೇಕೋ ತಿಳಿಯದು, ಯಾಕೆಂದರೆ ಮನೆಯಲ್ಲಿ ಅತ್ತಿ ಇದ್ದರು.

ಅತ್ತಿ ಎಂದರೆ ನಮ್ಮವರ ತಾಯಿ. ಉದ್ದನೆಯ ಆಳು, ಕಡಿಮೆ ಮಾತು. ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ, ಅತ್ತದ್ದನ್ನೂ ಕಂಡಿರಲಿಲ್ಲ. ಮುಂಜಾನೆ ಲಿಂಗಪೂಜೆಯಾಗುವವರೆಗೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಓಣಿಯ ಹೆಂಗಸರು ದೆವ್ವ ಭೂತ ಎಂದು ಪಿಸುಗುಟ್ಟಿದರೆ, "ಲಿಂಗಾ ಕಟ್ಟಿದ ಮೈಗೆ ಭೂತ ಎಲ್ಲಿಂದ ಬರತೈತಬೇ, ಏಳ್ರಿ, ಕೆಲಸಾ ನೋಡ್ರಿ" ಎಂದು ಎಬ್ಬಿಸಿ ಕಳಿಸುತ್ತಿದ್ದರು.

ಅಂದು ರಾತ್ರಿಯ ಊಟಕ್ಕೆ ಮಾಂತೇಶನನ್ನು ಕೂರಿಸಿಕೊಂಡು ನಮ್ಮವರು ಕೇಳಿದರು: "ಏನ್ರೀ ಮಾಸ್ತರ, ಇಷ್ಟು ಸಾಮಾನ ಹೊತ್ಕೊಂಡು ನಮ್ಮೂರಿಗೆ? ನಮ್ಮಲ್ಲಿ ಕೆರಿ ಇಲ್ಲ, ಅಡವಿ ಇಲ್ಲ. ಎರಿ ಹೊಲಾ ಅಷ್ಟ."

"ಆ ಎರಿ ಹೊಲಾನ ಬೇಕ್ರಿ ಮಾವಾರ. ಎರಿಭೂತದ ಫೋಟೋ ತಗೀಬೇಕಂತ ಬಂದೇನಿ."

ಒಳಗೆ ಅತ್ತಿ ರೊಟ್ಟಿ ಬಡಿಯುತ್ತಿದ್ದರು. ಆ ಬಡಿತ ಗಕ್ಕನೆ ನಿಂತಿತು. ಒಲೆಯ ಮೇಲಿದ್ದ ರೊಟ್ಟಿ ಹೊತ್ತಿದ ವಾಸನೆ ಬಂತು. ಅತ್ತಿಯ ಕೈಯಲ್ಲಿ ರೊಟ್ಟಿ ಹೊತ್ತುವುದೆಂದರೆ! ನಾನು ಓಡಿಹೋಗಿ ತೆಗೆದೆ. ಅವರು ಹಿಟ್ಟಿನ ಕೈ ಹಾಗೆಯೇ ಹಿಡಿದುಕೊಂಡು ಗೋಡೆ ನೋಡುತ್ತಿದ್ದರು.

ಕೈತೊಳೆಯಲು ನೀರು ಹಾಕುವಾಗ ಮಾಂತ್ಯಾನನ್ನು ತರಾಟೆಗೆ ತೆಗೆದುಕೊಂಡೆ. "ಎಂಥಾ ಭೂತನೋ ಅದು? ಉಣ್ಣೂ ಹೊತ್ತಿನ್ಯಾಗ?"

ಅವನು ನಕ್ಕ. "ಹಕ್ಕಿ ಅಕ್ಕಾ. ದೊಡ್ಡ ಹಕ್ಕಿ. ಎರಿ ಭೂಮ್ಯಾಗ ಇರತೈತಿ, ಭೂತ ನಿಂತಂಗ ನಿಲ್ಲತೈತಿ. ಹಿರೇಕೆರೂರ ಕಡೆ ಹಕ್ಕಿ ಹಿಡಿಯಾಕ ಬಲಿ ಹಾಕಾವನೊಬ್ಬ ಎರಿಭೂತ ಅಂದ. ನಾನೂ ಹಂಗ ಅನ್ನಾಕ ಕಲತೆ." ಆಗ ನನಗೆ ಹೊಳೆಯಿತು: ನಮ್ಮೂರಿನಲ್ಲಿ ಎರ್ಲಡ್ಡು ಅನ್ನುತ್ತಾರಲ್ಲ, ಅದೇ ಹಕ್ಕಿ. ಎರ್ಲಡ್ಡು ಎಂದಿದ್ದರೆ ಮುಗಿದಿತ್ತು. ಆದರೆ ನಮ್ಮೂರಿನಲ್ಲಿ ಭೂತ ಎಂದರೆ ಭೂತವೇ, ಹಕ್ಕಿಯಲ್ಲ.

ಮರುದಿನ ಮಾಂತೇಶ ನಮ್ಮ ಹೊಲಕ್ಕೆ ಹೋಗಿ, ಜೋಳದ ದಂಟಿನ ಕಣಕಿ ಒಟ್ಟಿ, ಒಳಗೆ ಒಬ್ಬನು ಕೂರುವಷ್ಟು ಜಾಗ ಬಿಟ್ಟು ಸಣ್ಣ ಬಣವಿಯಂಥದ್ದನ್ನು ಕಟ್ಟಿಕೊಂಡ. ರಾತ್ರಿ ಅಲ್ಲೇ ಮಲಗಿ, ಬೆಳಗಾಗುವ ಮೊದಲೇ ಕ್ಯಾಮೆರಾ ಹೂಡಿ ಕೂರುವುದು ಅವನ ಲೆಕ್ಕ. ಬುತ್ತಿ ಕಟ್ಟಿಕೊಟ್ಟು ಕಳಿಸಿ ಹಿತ್ತಲಿಗೆ ಬಂದರೆ ಅತ್ತಿ ಬೀಸುಕಲ್ಲಿನ ಮುಂದೆ ಕೂತಿದ್ದರು, ಬೀಸುತ್ತಿರಲಿಲ್ಲ.

"ಗಂಗಾ, ಇಲ್ಲಿ ಕುಂಡ್ರು."

ಆ ಮನೆಗೆ ಬಂದಮೇಲೆ ಅತ್ತಿ ನನಗೆ ನಿಲ್ಲು ಎಂದಿದ್ದರು, ತಾ ಎಂದಿದ್ದರು, ಹೋಗು ಎಂದಿದ್ದರು. ಕೂತುಕೋ ಎಂದಿರಲಿಲ್ಲ.

"ನಿನ್ನ ಗಂಡಗಿಂತ ಮೊದಲ ನನಗೊಂದು ಹೆಣ್ಣ ಕೂಸಿತ್ತು. ನೀಲಿ. ಪ್ಲೇಗಿನ ಗಡ್ಡಿಬ್ಯಾನಿ ಬಂದ ವರ್ಷ ಅದಕ್ಕ ಆರ ತುಂಬಿತ್ತು; ಊರಿಗೂರ ಬಿಟ್ಟು ಹೊಲದಾಗ ಗುಡಸಲಾ ಹಾಕ್ಕೊಂಡಿದ್ವಿ. ನಿನ್ನ ಗಂಡ ಹುಟ್ಟಿದ್ದ, ನಾ ಹಸಿ ಬಾಣಂತಿ. ನೀಲಿಗೆ ಗಡ್ಡಿ ಎದ್ದಾವಂತ ಬ್ಯಾರೆ ಗುಡಸಲದಾಗ ಇಟ್ರು. 'ಅವ್ವಾ' ಅಂತ ಕರಿಯೋದು ಕೇಳತಿತ್ತು. ಹಸಗೂಸೈತಿ, ಹೋಗಬ್ಯಾಡ ಅಂತ ಹಿಡದ್ರು. ಮುಂಜಾನಿ ಕರಿಯೋದು ನಿಂತಿತ್ತು. ಬೇವಿನ ಗಿಡದ ಬುಡಕ ಮಣ್ಣು ಮಾಡಿ ಬಂದ್ರು. ನನಗ ಮಾರಿ ತೋರಸಲಿಲ್ಲ."

ಕಡೆಗೆ ಮಗಳ ಮುಖವನ್ನೂ ತೋರಿಸಿರಲಿಲ್ಲ! ಎಳ್ಳಮಾಸಿಯ ಹಬ್ಬಕ್ಕೆ ಹೊಲದಲ್ಲಿ ಅಡುಗೆಯ ಚರಗ ಚೆಲ್ಲುವಾಗ ಅತ್ತಿ ಬೇವಿನ ಗಿಡದ ಕಡೆ ಒಂದು ಹಿಡಿ ಹೆಚ್ಚಿಗೆ ಚೆಲ್ಲುತ್ತಿದ್ದುದನ್ನು ವರ್ಷಾ ವರ್ಷ ಕಂಡಿದ್ದೆ. ಹಕ್ಕಿಗಳಿಗೆ ಇರಬೇಕೆಂದು ತಿಳಿದಿದ್ದೆ.

"ಅಳಾಕಲ್ಲ ನಾ ಹೇಳಾಕತ್ತಿದ್ದು," ಎಂದರು ಅತ್ತಿ, ನನ್ನ ಕಣ್ಣು ನೋಡಿ. "ಅದರ ಮಾರಿ ನನಗ ಮರತು ಹೋಗೇತಿ. ಉಟ್ಟ ಪರಕಾರ ನೆನಪೈತಿ, ಕಾಲಾಗಿನ ಗೆಜ್ಜಿ ನೆನಪೈತಿ. ತಲಿಗೆ ಕರಿ ಕುಂಚಿಗಿ ಹೊಲದು ಹಾಕಿದ್ದೆ, ಅದೂ ನೆನಪೈತಿ. ಕುಂಚಿಗಿ ಒಳಗ ಮಾರಿ ಇಲ್ಲ. ಹೆತ್ತಾಕಿ ನಾ, ನನಗ ಮಾರಿ ನೆನಪಿಲ್ಲ ಅಂತ ಯಾರ ಮುಂದ ಹೇಳ್ಲಿ?"

ಬೀಸುಕಲ್ಲಿನ ಗೂಟ ಹಿಡಿದುಕೊಂಡು ಹೇಳಿದರು: "ನಿಮ್ಮ ತಮ್ಮಗ ಹೇಳು. ಎರಿ ಹೊಲದಾಗಿನ ಭೂತದ ಫೋಟೋ ತಗಿಯೂ ಮಷೀನ ತಂದಾನಲ್ಲ. ನಮ್ಮ ನೀಲೀದೊಂದು ತಗದು ಕೊಡು ಅನ್ನು."

ಭೂತವಿಲ್ಲ ಎಂದು ಓಣಿಗೇ ಬುದ್ಧಿ ಹೇಳುವ ಅತ್ತಿ! ಒಳಗಿನ ಈ ಕತ್ತಲೆಯನ್ನು ಇಷ್ಟು ವರ್ಷ ಸೆರಗಿನಲ್ಲಿ ಕಟ್ಟಿಕೊಂಡೇ ರೊಟ್ಟಿ ಬಡಿದಿದ್ದರೇ? ನಾನು ಹೇಳಿದೆ: "ಅತ್ತೀ, ಅದು ಭೂತ ಅಲ್ರೀ. ಅದು ಹಕ್ಕಿರೀ."

ಅತ್ತಿಯ ಕಣ್ಣು ಅರಳಿತು. "ಹಕ್ಕಿ ಆಗೇತೇನ ಅದು?"

ಅಯ್ಯೋ ಶಿವನೇ! ನಮ್ಮ ಕಡೆಯ ಮಾತಿನ ಬಗೆ ನಿಮಗೆ ಗೊತ್ತಿರಬಹುದು. ಹೆಣ್ಣುಮಕ್ಕಳಿಗೆ, ಅದರಲ್ಲೂ ಎಳೆಯ ಮಕ್ಕಳಿಗೆ, ನಾವು 'ಅದು' ಅನ್ನುವವರು. ಅದು ಬಂತು, ಅದು ಉಂಡಿತು, ಅದು ಅತ್ತಿತು. ಮುದ್ದಿನ ಮಾತು. ಹಕ್ಕಿಗೂ ಅದು, ಮಗಳಿಗೂ ಅದು. ನಾನು ಬಿಡಿಸಹೋದ ಗಂಟು ಇನ್ನಷ್ಟು ಬಿಗಿಯಿತು. "ಹಂಗಲ್ರೀ ಅತ್ತೀ, ಎರ್ಲಡ್ಡು" ಎಂದು ಬಾಯಿ ತೆರೆಯುವಷ್ಟರಲ್ಲಿ ಅವರು ಎದ್ದು, "ಹಕ್ಕಿ ಆದ್ರೂ ಮಾರಿ ಇರತೈತಲ್ಲ" ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತ ಒಳಗೆ ಹೋದರು. ಮುಂದೆ ನಾನು ಹೇಳಿದ್ದು ಅವರ ಕಿವಿಗೇ ಹೋಗಲಿಲ್ಲ. ಗೋದಿ ರೊಟ್ಟಿ ಪುಡಿಮಾಡಿ, ಬೆಲ್ಲ ಕಲಸಿ, ಮಾದ್ಲಿ ಮಾಡುತ್ತ ಕೂತಿದ್ದರು. ಮನೆಯಲ್ಲಿ ಯಾವ ಹಬ್ಬವೂ ಇರಲಿಲ್ಲ.

ನಸುಕಿನಲ್ಲಿ ಕದ ಕಿರ್ ಅಂದದ್ದು ಕೇಳಿ ಎದ್ದೆ. ಅತ್ತಿ ಇಳಕಲ್ಲ ಸೀರೆ ಉಟ್ಟು, ಮಾದ್ಲಿಯ ಡಬ್ಬಿ ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೇಬಿಟ್ಟಿದ್ದರು. ಪೂಜೆಯಾಗಿರಲಿಲ್ಲ! ನಾನು ತಲೆಗೆ ಸೆರಗು ಎಳೆದುಕೊಂಡು ಹಿಂದೆಯೇ ಓಡಿದೆ. ಕರೆದರೆ ತಿರುಗಲಿಲ್ಲ. ಬಿರುಕು ಬಿಟ್ಟ ಎರಿ ಮಣ್ಣಿನಲ್ಲಿ ಅವರ ಹೆಜ್ಜೆ ಎಲ್ಲಿಯೂ ತಪ್ಪುತ್ತಿರಲಿಲ್ಲ; ನಾನು ಎಡವುತ್ತಿದ್ದೆ. ಮುಗಿಲ ಅಂಚು ಬೆಳ್ಳಗಾಗಿತ್ತು. ನೆಲಗುಬ್ಬಿಗಳು ಎದ್ದು ಹಾಡುತ್ತಿದ್ದವು.

ಹೊಲದ ಬದುವಿಗೆ ಬಂದು ಅತ್ತಿ ನಿಂತರು. ನಾನೂ ನಿಂತೆ. ಕಡಲೆ ಕಿತ್ತ ಹೊಲದ ನಡುವೆ, ಮಾಂತ್ಯಾನ ಕಣಕಿಯ ಗುಡ್ಡೆಯ ಆಚೆ, ಏನೋ ನಿಂತಿತ್ತು.

ಎರ್ಲಡ್ಡಿನ ಹೆಸರು ಕೇಳಿದ್ದೆನೇ ಹೊರತು ಅಷ್ಟು ಸಮೀಪ ಕಂಡಿರಲಿಲ್ಲ. ಹಕ್ಕಿ ಅಂದರೆ ಗುಬ್ಬಿ, ಗಿಣಿ, ಬಹಳವಾದರೆ ನವಿಲು ಎಂದು ತಿಳಿದಿದ್ದವಳು ನಾನು. ಇದು ನೆಟ್ಟಗೆ, ನೆಲದಿಂದ ಎದ್ದಂತೆ, ನನ್ನ ಎದೆ ಮಟ್ಟಕ್ಕೆ ನಿಂತಿತ್ತು. ಆರೇಳು ವರ್ಷದ ಕೂಸಿನಷ್ಟು. ಬೆಳ್ಳನೆಯ ಮೈ, ಮೇಲೆ ಕರಿ ನೆತ್ತಿ. ಖರೆ ಹೇಳುತ್ತೇನೆ, ನಗಬೇಡಿರಿ: ಒಂದು ಗಳಿಗೆ ನಾನೂ ನಂಬಿದೆ. 'ನೀಲಿ' ಎಂಬ ಹೆಸರು ನನ್ನ ಬಾಯಿಗೇ ಬಂತು.

ಅತ್ತಿಗೆ ದೂರದ್ದು ಮಂಜು ಮಂಜು. ಅವರಿಗೆ ಏನು ಕಂಡಿತೋ, ಮಾದ್ಲಿಯ ಡಬ್ಬಿಯನ್ನು ಎರಡೂ ಕೈಯಲ್ಲಿ ಮುಂದೆ ಚಾಚಿ ಒಂದು ಹೆಜ್ಜೆ ಇಟ್ಟರು. ಅದು ಕೊರಳೆತ್ತಿತು. ನೋಡಿತು. ಇನ್ನೊಂದು ಹೆಜ್ಜೆ ಇಟ್ಟರು. ಅದು ದಪದಪ ಓಡಿ, ಮಾಳಿಗೆಯ ಮೇಲೆ ಕಂಬಳಿ ಝಾಡಿಸಿದಂಥ ಸಪ್ಪಳ ಮಾಡುತ್ತ ಮುಗಿಲಿಗೆದ್ದು ಹೋಯಿತು.

ಕಣಕಿಯ ಗುಡ್ಡೆ ಒಡೆದುಕೊಂಡು ಮಾಂತ್ಯಾ ಹೊರಬಿದ್ದ. ತಲೆ ತುಂಬ ಒಣಗಿದ ಎಲೆಯ ರವದಿ, ಕೊರಳಲ್ಲಿ ಕರಿ ಅರಿವೆ.

"ಅವ್ವಾರ, ಏನ ಮಾಡಿದ್ರಿ! ಬಂದಿತ್ರೀ! ಇಷ್ಟ ಹತ್ರ ಬಂದಿತ್ತು!"

"ಬಂದಿತ್ತ?" ಎಂದರು ಅತ್ತಿ.

"ಬಂದಿತ್ರೀ. ಬೇವಿನ ಗಿಡದ ಕಡಿಂದ ನಡಕೊಂತ ಬಂತು."

"ಅಂಜಿತ್ತೇನು?"

"ಏನ ಅಂಜೂದ್ರಿ! ತನ್ನ ಮನ್ಯಾಗ ಅಡ್ಯಾಡಿದಂಗ ಅಡ್ಯಾಡಾಕತ್ತಿತ್ತು. ಬಿದ್ದ ಕಡ್ಲಿ ಆರಿಸಿ ಆರಿಸಿ ತಿಂತು."

"ಹಸದಿತ್ತೇನೋ..."

"ಹೊಟ್ಟಿ ತುಂಬ ತಿಂತ ಬಿಡ್ರಿ. ಏನ ಚೆಂದ ಅವ್ವಾರ! ಕೊಳ್ಳು ಬೆಳ್ಳಗ, ನೆತ್ತಿ ಮ್ಯಾಲ ಕರಿ ಕುಂಚಿಗಿ ಹಾಕ್ಕೊಂಡಂಗ..."

ಅತ್ತಿ ಮಣ್ಣ ಹೆಂಟೆಯ ಮೇಲೆ ಕೂತುಬಿಟ್ಟರು. ನಾನು ಮಾಂತ್ಯಾನಿಗೆ ಕಣ್ಣು ಬಿಟ್ಟೆ, ಕೈ ಮಾಡಿದೆ. ಹಕ್ಕಿ ಕಂಡ ಅಮಲಿನಲ್ಲಿದ್ದವನಿಗೆ ಅಕ್ಕ ಎಲ್ಲಿ ಕಂಡಾಳು!

"ನಿಮ್ಮನ್ನ ನೋಡಿ ಕೊಳ್ಳು ಎತ್ತಿ ನಿಂತಬಿಡ್ತ್ರೀ. ಅಲಗಾಡಲಿಲ್ಲ. ಆವಾಗ ಒಂದ ಒಂದು ಫೋಟೋ ತಗದೇನಿ."

"ನನ್ನ ನೋಡ್ತ?"

"ನಿಮ್ಮನ್ನ ನೋಡ್ತು."

ಅತ್ತಿ ಡಬ್ಬಿಯ ಮುಚ್ಚಳ ತೆಗೆದು ಅವನ ಕೈಗೆ ಕೊಟ್ಟರು. "ತಿನ್ನಪ್ಪಾ. ಅದರ ಪಾಲಿಂದು." ರಾತ್ರಿಯೆಲ್ಲ ಚಳಿಯಲ್ಲಿ ಕೂತಿದ್ದ ಹುಚ್ಚಪ್ಪ ಹಿಡಿ ಹಿಡಿ ಮುಕ್ಕಿದ. ನಾನು ಅವನ ರೆಟ್ಟೆ ಹಿಡಿದು ಬೇವಿನ ಗಿಡದ ಕಡೆ ಎಳೆದೊಯ್ದು ಎಲ್ಲ ಹೇಳಿದಾಗ ಅವನು ಬಾಯಿಯ ಮಾದ್ಲಿ ನುಂಗಲೂ ಇಲ್ಲ, ಉಗುಳಲೂ ಇಲ್ಲ. ಗಿಡದ ಬುಡ ನೋಡಿದ. ಕಾಲು ಹಿಂದೆ ತೆಗೆದ.

ಅವನು ಧಾರವಾಡಕ್ಕೆ ಹೋದಮೇಲೆ ಅತ್ತಿ ಬಾಗಿಲಲ್ಲಿ ಕೂರತೊಡಗಿದರು. ಯಾವ ಬಂಡಿಯ ಸಪ್ಪಳವಾದರೂ "ನಿಮ್ಮ ತಮ್ಮ ಬಂದ್ನೇನ ನೋಡು" ಅನ್ನುವರು. ನಾನು ಎರ್ಲಡ್ಡಿನ ಮಾತು ತೆಗೆದಾಗಲೆಲ್ಲ, "ಫೋಟೋ ಬರ್ಲಿ" ಎಂದು ನನ್ನ ಬಾಯಿ ಮುಚ್ಚಿಸುವರು. ಇಷ್ಟು ವರ್ಷ ಕಾದವರು. ಈಗ ಆ ಚಿತ್ರದಲ್ಲಿ ಕೊಕ್ಕು ಕಂಡರೆ ಆ ಜೀವ ತಡೆದೀತೇ ಎಂಬ ಹೆದರಿಕೆಯಲ್ಲಿ ನನಗೆ ಅನ್ನ ಸೇರದಾಯಿತು.

ಮಾಂತೇಶ ಬಂದ. ಬಂದವನು ಒಳಗೆ ಬರದೆ ದನದ ಕೊಟ್ಟಿಗೆಗೆ ನನ್ನನ್ನು ಕರೆದ. ಕಾಗದ ಬಿಚ್ಚಿ ತೋರಿಸಿದ. ಅವನ ಜೀವಮಾನದಲ್ಲಿ ಅಂಥ ಫೋಟೋ ಬಂದಿರಲಿಲ್ಲ. ಒಂದೊಂದು ಗರಿ ಎಣಿಸಬಹುದು. ಕೊರಳೆತ್ತಿ, ಮುಖ ಓರೆ ಮಾಡಿ, ನೋಡುತ್ತ ನಿಂತಿದೆ.

"ಅಕ್ಕಾ, ಇಷ್ಟು ದಿನ ಮಂಜು ಮಂಜು ಬರ್ತಿದ್ದುವು. ಮಂಜ ಬರಬೇಕಾದಾಗ ಇದು ಇಷ್ಟು ಚೊಕ್ಕ ಬಂದೈತಿ ನೋಡು, ನನ್ನ ಹಣೇಬರಾ!" ಎಂದ. ಆಮೇಲೆ ದನಿ ಇಳಿಸಿದ. "ಒಂದು ಮಾತು ಹೇಳ್ತೇನಿ, ಬೈಬ್ಯಾಡ. ಧಾರವಾಡದಾಗ ಯಾವದಾರ ಸಣ್ಣ ಹುಡಿಗಿಗೆ ಕರಿ ಕುಂಚಿಗಿ ಹಾಕಿ, ಕಂಡೂ ಕಾಣದಂಗ ಒಂದು ತಗದು ತರ್ತೇನಿ. ಮುದುಕಿ ಜೀವ ತಣ್ಣಗಾಗಲಿ."

ಒಂದು ಕ್ಷಣ ಸರಿಯೇನೋ ಅನ್ನಿಸಿತು. ಮರುಕ್ಷಣ ಅವನ ಮೇಲೆ ಹರಿಹಾಯ್ದೆ. "ಹೋಗಿ ಹೋಗಿ ಯಾರದೋ ಮಗಳ ಮಾರಿ ಆಕೀಗ ಅಂಟಸ್ತೀಯೇನೋ? ಆಮ್ಯಾಲ ಖರೆ ಮಾರಿ ನೆನಪಾದ್ರ ಅದು ಎಲ್ಲಿ ಕುಂಡ್ರಬೇಕು?"

"ಕೊಟ್ಟಿಗ್ಯಾಗ ಏನ ಗುಸುಗುಸು?" ಎಂದು ಅತ್ತಿಯೇ ಬಂದುಬಿಟ್ಟರು. ಕೈಚಾಚಿದರು. ಮಾಂತ್ಯಾ ನನ್ನನ್ನು ನೋಡಿದ. ನಾನು ಆಕಳ ಬೆನ್ನು ನೋಡಿದೆ. ಅವನು ಕೊಟ್ಟುಬಿಟ್ಟ.

ಅತ್ತಿ ಬೆಳಕಿಗೆ ಹೋಗಿ ನಿಂತರು. ಚಿತ್ರವನ್ನು ದೂರ ಹಿಡಿದರು, ಸಮೀಪ ಹಿಡಿದರು, ಸೆರಗಿನಿಂದ ಒರೆಸಿದರು. ನಾನು ಅವರು ಬಿದ್ದರೆ ಹಿಡಿಯೋಣವೆಂದು ಹಿಂದೆ ನಿಂತಿದ್ದೆ.

"ಇದು ಎರ್ಲಡ್ಡು ಅಲ್ಲ?"

"ಹೌದ್ರೀ ಅವ್ವಾರ," ಎಂದ ಮಾಂತ್ಯಾ, ಇದ್ದೂ ಇಲ್ಲದ ದನಿಯಲ್ಲಿ.

"ಎರ್ಲಡ್ಡು ಅಂತ ಮೊದಲ ಹೇಳಾಕ ಏನ ಧಾಡಿಯಾಗಿತ್ತೋ ನಿನಗ? ಭೂತಂತ, ಭೂತ! ಸಾಲಿ ಕಲಿಸೂ ಮಾಸ್ತರಗ ಹಕ್ಕಿ ಹೆಸರು ನೆಟ್ಟಗ ಬರೂದಿಲ್ಲ." ಮತ್ತೆ ಚಿತ್ರದ ಕಡೆ ತಿರುಗಿ, ಕೊಕ್ಕಿನ ಮೇಲೆ ಬೆರಳಿಟ್ಟು ಬೈದರು: "ಥೂ, ಏನ ಮೂಗೋ ಇದು, ಈಳಿಗಿ ಇದ್ದಂಗ! ನಮ್ಮ ನೀಲಿಗೆ ಇಷ್ಟುದ್ದ ಮೂಗು ಎಲ್ಲಿತ್ತು? ನಮ್ಮ ನೀಲಿ ಮೂಗು..."

ಚಿತ್ರದ ಮೇಲಿದ್ದ ಬೆರಳು ಮೆಲ್ಲಗೆ ಎದ್ದು ತಮ್ಮ ಮೂಗಿನ ಮೇಲೆ ಹೋಯಿತು. ಅಲ್ಲವೆಂದು ತಲೆಯಾಡಿಸಿದರು.

"ಮೊಂಡ ಇತ್ತು," ಎಂದರು ಅತ್ತಿ. "ಮೊಂಡ. ತುದಿ ಮ್ಯಾಲ ಎದ್ದಿತ್ತು."

ಅಷ್ಟರಲ್ಲಿ ನಮ್ಮವರು ಎತ್ತು ಹೊಡೆದುಕೊಂಡು ಒಳಗೆ ಬಂದರು. ಮೈಯೆಲ್ಲ ಧೂಳು, ಹೆಗಲ ಮೇಲೆ ಬಾರುಕೋಲು. ಅತ್ತಿ ಹೋದವರೇ ಆ ಮೀಸೆ ಬಂದ ಗಂಡಸಿನ ಮೂಗನ್ನು ಎರಡು ಬೆರಳಲ್ಲಿ ಹಿಡಿದುಕೊಂಡರು.

"ಅವ್ವಾ, ಏನಿದು, ಬಿಡ!"

"ಸುಮ್ನ ನಿಲ್ಲು. ಗಂಗಾ, ಹಿಂಗ ನೋಡು. ಹಿಂಗ ಇತ್ತು ಆಕಿ ಮೂಗು."

ನಾನು ಕೇಳಿದೆ. ಈಗ ಬಿಟ್ಟರೆ ಹಾರಿಹೋದೀತು ಅನ್ನಿಸಿತು. "ಕಣ್ಣುರೀ ಅತ್ತೀ?"

"ಸಣ್ಣವು. ನಕ್ಕರ ಮುಚ್ಚೇ ಹೋಗ್ತಿದ್ದುವು."

"ಹಲ್ಲು?"

"ಮುಂದಿಂದೊಂದು ಬಿದ್ದಿತ್ತು. ಸಗಣ್ಯಾಗ ಇಟ್ಟು ತಾನ ಮಾಳಗಿ ಮ್ಯಾಲ ಒಗದಿದ್ಲು." ಅತ್ತಿ ತಲೆಯೆತ್ತಿ ಮಾಳಿಗೆಯ ಕಡೆ ನೋಡಿದರು. "ಹೊಸಾದು ಇನ್ನೂ ಹುಟ್ಟಿದ್ದಿಲ್ಲ."

ನಮ್ಮವರ ಮೂಗು ಇನ್ನೂ ಅವರ ಕೈಯಲ್ಲೇ ಇತ್ತು.